ಖಳರ ಪಟ್ಟಿಯಲ್ಲಿ ವಾಲಿಯ ಹೆಸರು ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಅದ್ಭುತ ಕಥೆಗಳ ಖಳನಾಯಕರಲ್ಲಿ ಯಾರು ಶ್ರೇಷ್ಠರು ಎಂಬ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಕೆಲವು ವಾರಗಳಿಂದ ನಡೆದಿರುವ ವಾದ-ಪ್ರತಿವಾದವನ್ನು ನಾನು ಒಂದನ್ನೂ ಬಿಡದೆ ಓದುತ್ತಿದ್ದೇನೆ. ಕಾಲೇಜಿನಲ್ಲಿ ಓದುವವರು ಇಂಗ್ಲಿಷ್ ಕಾದಂಬರಿ, ಧಾರಾವಾಹಿ, ಸಿನಿಮಾಗಳ ಸೌರಾನ್, ವೋಲ್ಡೆಮಾರ್ಟ್, ನೈಟ್ ಕಿಂಗ್, ಥಾನೋಸ್ ಎಂದು ಪಟ್ಟು ಹಿಡಿದರೆ, ಅವರ ತಂದೆ-ತಾಯಂದಿರ ವಯಸ್ಸಿನವರು ರಾವಣ, ದುರ್ಯೋಧನ, ಹಿರಣ್ಯಕಶಿಪುಗಳನ್ನು ಮುಂದಿಡುತ್ತಿದ್ದಾರೆ. ಇದು ಹುಡುಗಾಟದ ಚರ್ಚೆ, ಪತ್ರಿಕೆ ಇದಕ್ಕೆ ಜಾಗ ಕೊಡಬಾರದಿತ್ತು ಎಂದು ಒಬ್ಬ ಓದುಗರು ಬರೆದಿರುವುದನ್ನೂ ಕಂಡೆ. ನಾನು ಅದನ್ನು ಒಪ್ಪುವುದಿಲ್ಲ. ಕೆಟ್ಟತನವನ್ನು ನಾವು ಹೇಗೆ ಗುರುತಿಸುತ್ತೇವೆ, ಅದರಲ್ಲಿ ಯಾವುದಕ್ಕೆ ಹೆದರುತ್ತೇವೆ, ಯಾವುದಕ್ಕೆ ಮರುಗುತ್ತೇವೆ ಎಂಬುದು ಇಂಥ ಚರ್ಚೆಯಲ್ಲಿ ಹೊರಬೀಳುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಹೊರಬೀಳುವುದಿಲ್ಲ.

ಆದರೆ ಹೋದ ವಾರ ಪ್ರಕಟವಾದ ಓದುಗರ ಪಟ್ಟಿಯಲ್ಲಿ ವಾಲಿಯ ಹೆಸರು ಸೇರಿರುವುದನ್ನು ಕಂಡು ಸುಮ್ಮನಿರಲಾಗಲಿಲ್ಲ. ತುಂಗಭದ್ರೆಯ ಈಚೆ ದಡದ ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರಗಳ ನೆರೆಯಲ್ಲಿ ಬಾಳುವ ನಮಗೆ ಕಿಷ್ಕಿಂಧೆ ಪುಸ್ತಕದಲ್ಲಷ್ಟೇ ಇರುವ ಊರಲ್ಲ. ಆ ಪಟ್ಟಿಯ ಜೊತೆಗೆ ಓದುಗರು ಬಳಸಿದ ಅಳತೆಯ ಬಗ್ಗೆಯೂ ನನ್ನ ತಕರಾರಿದೆ. ಎರಡನ್ನೂ ಒಟ್ಟಿಗೇ ಹೇಳುತ್ತೇನೆ, ಏಕೆಂದರೆ ಅಳತೆ ತಪ್ಪಿದ್ದರಿಂದಲೇ ವಾಲಿ ಆ ಪಟ್ಟಿಗೆ ಬಂದಿದ್ದಾನೆ.

ಈವರೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಖಳನನ್ನು ಬಲದಿಂದ ಅಳೆದಿವೆ. ಯಾರು ಎಷ್ಟು ಜನರನ್ನು ಕೊಂದರು, ಯಾರ ಸೈನ್ಯ ದೊಡ್ಡದು, ಯಾರ ಎದುರು ಯಾರು ನಿಲ್ಲಬಲ್ಲರು ಎಂಬುದೇ ಅಲ್ಲಿ ಮುಖ್ಯವಾಗಿದೆ. ಬಲವೇ ಅಳತೆಯಾದರೆ ವಾಲಿಯೂ ಬರುತ್ತಾನೆ, ಕುಂಭಕರ್ಣನೂ ಬರುತ್ತಾನೆ, ನಾಳೆ ಭೀಮನೂ ಬರಬಹುದು. ನನ್ನ ಅಳತೆ ಬೇರೆ. ಖಳನು ಯಾರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಕೊನೆಗೆ ಯಾರ ಕೈಯಲ್ಲಿ ಬಿದ್ದ ಎಂಬ ಎರಡು ಪ್ರಶ್ನೆಗಳಿಗೆ ಒಂದೇ ಉತ್ತರ ಸಿಕ್ಕರೆ ಆ ಖಳನನ್ನು ಕಟ್ಟಿದ ಕವಿ ಗೆದ್ದ ಎಂದೇ ನಾನು ತಿಳಿಯುತ್ತೇನೆ. ಅಂಥ ಖಳನು ನಾಯಕನ ಬಾಣದಿಂದ ಸಾಯುವುದು ನೆಪಕ್ಕೆ ಮಾತ್ರ. ಅವನನ್ನು ಕೊಲ್ಲುವುದು ಅವನದೇ ತಾತ್ಸಾರ.

ರಾವಣನು ಬ್ರಹ್ಮನಲ್ಲಿ ಬೇಡಿದ ವರವನ್ನೇ ನೋಡಿ. ದೇವತೆಗಳು, ಯಕ್ಷರು, ದೈತ್ಯರು, ದಾನವರು, ನಾಗರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಇವರಿಂದ ನನಗೆ ಸಾವು ಬೇಡ ಎಂದ ಅವನು, ಮನುಷ್ಯರನ್ನು ಹುಲ್ಲುಕಡ್ಡಿಯಂತೆ ಕಂಡು ಅವರ ಹೆಸರನ್ನು ಬಿಟ್ಟ. ಆಮೇಲೆ ಅವನ ಮನೆಬಾಗಿಲಿಗೆ ಬಂದವರು ಒಬ್ಬ ಮನುಷ್ಯ ಮತ್ತು ಒಂದು ಕಪಿಸೈನ್ಯ. ಮಹಿಷಾಸುರನ ಕಥೆಯೂ ಹೀಗೆಯೇ; ಹೆಣ್ಣಿನಿಂದ ತನಗೇನು ಭಯ ಎಂದುಕೊಂಡವನನ್ನು ದೇವಿಯೇ ಕೊಂದಳು. ಸಿರುಗುಪ್ಪ ಕಡೆಯ ಒಂದು ಹಳ್ಳಿಯಲ್ಲಿ ನಾನು ನೋಡಿದ ದೇವಿ ಮಹಾತ್ಮೆಯ ದೊಡ್ಡಾಟದಲ್ಲಿ ಮಹಿಷಾಸುರನ ಪಾತ್ರ ಹಿಡಿದಿದ್ದವರು ವರ ಬೇಡುವ ಸನ್ನಿವೇಶವನ್ನು ಬಹಳ ನಿಧಾನವಾಗಿ ನಡೆಸಿದರು. ಭುಜಕೀರ್ತಿ ಅಲುಗುವಂತೆ ಅಟ್ಟದ ಹಲಗೆಯನ್ನು ಮೆಟ್ಟುತ್ತ, ಪ್ರತಿ ಹೆಸರಿಗೂ ಒಂದು ಹೆಜ್ಜೆ ಮುಂದಿಟ್ಟು, ಹೆಣ್ಣಿನ ಮಾತು ಬಂದಾಗ ಮಾತ್ರ ನಿಂತು ನಕ್ಕು ಎಡಗೈಯನ್ನು ನೊಣ ಓಡಿಸುವವರಂತೆ ಬೀಸಿದರು. ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕಿಯೊಬ್ಬರು "ಅಲ್ಲಿಗೇ ಮುಗೀತು ನೋಡು ಇವನ ಕಥಿ" ಎಂದರು. ದೇವಿಯ ಪ್ರವೇಶಕ್ಕೆ ಇನ್ನೂ ಬಹಳ ಹೊತ್ತಿತ್ತು. ಖಳನಾಯಕನನ್ನು ಅಳೆಯುವುದನ್ನು ನಾನು ಕಲಿತದ್ದು ಇಂಥ ಪ್ರೇಕ್ಷಕರಿಂದ. ನಸುಕಿನಲ್ಲಿ ಆಟ ಮುಗಿದ ಮೇಲೆ ಚಹಾದಂಗಡಿಯ ಮುಂದೆ ನಡೆಯುವ ವಾದದಲ್ಲಿ ರಾಕ್ಷಸನ ಗಂಟಲು ಎಷ್ಟು ದೊಡ್ಡದು ಎಂಬುದಕ್ಕಿಂತ ಅವನು ಎಲ್ಲಿ ಎಡವಿದ, ಆ ಎಡವಿದ ಜಾಗವನ್ನು ಪಾತ್ರಧಾರಿ ಕಾಣುವಂತೆ ತೋರಿಸಿದನೇ ಎಂಬುದೇ ಹೆಚ್ಚು ಚರ್ಚೆಯಾಗುತ್ತದೆ.

ಇದೇ ಅಳತೆಯನ್ನು ತಮ್ಮ ಕಿರಿಯ ಓದುಗರು ಮೆಚ್ಚಿದ ಖಳರ ಮೇಲೆ ಇಟ್ಟು ನೋಡಿದಾಗ ನನಗೆ ಸಂತೋಷವೇ ಆಯಿತು, ಏಕೆಂದರೆ ಅವರ ಆಯ್ಕೆಗಳಲ್ಲಿ ಕೆಲವು ಬಹಳ ಗಟ್ಟಿಯಾಗಿವೆ. ಟೋಲ್ಕಿನ್ ಅವರ 1954-55ರ ಬೃಹತ್ ಕಾದಂಬರಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನಲ್ಲಿ ಸೌರಾನ್‌ನ ಸೇನಾಪತಿಯಾದ ಮಾಟಗಾರ ಅರಸನಿಗೆ ಗಂಡಸಿನ ಕೈಯಿಂದ ಸಾವಿಲ್ಲ ಎಂಬ ಭವಿಷ್ಯವಾಣಿ ಇರುತ್ತದೆ. ಯುದ್ಧಭೂಮಿಯಲ್ಲಿ ಅದನ್ನೇ ಹೇಳಿ ಬೆದರಿಸುವ ಅವನನ್ನು ಗಂಡುಡುಗೆ ತೊಟ್ಟು ಬಂದ ಎಯೋವಿನ್ ಎಂಬ ಹೆಣ್ಣುಮಗಳು ಕೊಲ್ಲುತ್ತಾಳೆ. ಆಕೆಗೆ ನೆರವಾಗಿ ಹಿಂದಿನಿಂದ ಅವನ ಮೊಣಕಾಲಿಗೆ ಇರಿಯುವವನು ಹಾಬಿಟ್ ಎಂಬ ಕುಳ್ಳ ಜನಾಂಗದ, ಯಾರೂ ಗಮನಿಸದ ಒಬ್ಬ. ಮಹಿಷಾಸುರನ ಆಟ ನೋಡಿ ಬೆಳೆದ ನಮ್ಮ ಭಾಗದ ಯಾರಿಗೂ ಈ ಸನ್ನಿವೇಶ ಹೊಸದೆನಿಸುವುದಿಲ್ಲ. ಸೌರಾನ್ ಬಗ್ಗೆ ಇಬ್ಬರು ಓದುಗರು, ಕಥೆಯಲ್ಲಿ ಎದುರಿಗೇ ಬಾರದವನು ಹೇಗೆ ಶ್ರೇಷ್ಠ ಖಳನಾಗುತ್ತಾನೆ ಎಂದು ಕೇಳಿದ್ದಾರೆ. ಅವನ ದೌರ್ಬಲ್ಯ ಎದುರಿಗಿದೆಯಲ್ಲ, ಅದು ಸಾಲದೇ? ಲೋಕವನ್ನೇ ಆಳಬಲ್ಲ ಶಕ್ತಿಯಿರುವ ಅವನ ಉಂಗುರ ಕೈಗೆ ಸಿಕ್ಕವನು ಅದನ್ನು ಬಳಸದೆ ನಾಶಮಾಡಲು ಹೊರಟಾನು ಎಂಬ ಯೋಚನೆಯೇ ಅವನಿಗೆ ಬರುವುದಿಲ್ಲ. ಲೋಕದ ಎಲ್ಲರೂ ತನ್ನಂತೆಯೇ ಅಧಿಕಾರಕ್ಕೆ ಬಾಯಿಬಿಡುವವರು ಎಂದು ನಂಬಿದ ಕಾರಣಕ್ಕೆ, ಆ ಉಂಗುರವನ್ನು ನಾಶಮಾಡಲು ತನ್ನ ನೆಲದಲ್ಲೇ ನಡೆದು ಬರುತ್ತಿದ್ದ ಇಬ್ಬರು ಹಾಬಿಟ್‌ಗಳನ್ನು ಅವನ ಕಣ್ಣು ಕಾಣದೆ ಹೋಯಿತು.

ಹ್ಯಾರಿ ಪಾಟರ್ ಕಾದಂಬರಿಗಳ ಖಳ ವೋಲ್ಡೆಮಾರ್ಟ್ ತನ್ನ ಆತ್ಮವನ್ನು ತುಂಡು ಮಾಡಿ ಬೇರೆ ಬೇರೆ ವಸ್ತುಗಳಲ್ಲಿ ಅಡಗಿಸಿಟ್ಟಿದ್ದನ್ನು ಒಬ್ಬ ವಿದ್ಯಾರ್ಥಿ ಹಿಂದೆಂದೂ ಕಾಣದ ಕಲ್ಪನೆ ಎಂದು ಕೊಂಡಾಡಿದ್ದಾರೆ. ಅವರ ಉತ್ಸಾಹ ನನಗೆ ಇಷ್ಟವಾಯಿತು, ಆದರೆ ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟ ಮಾಂತ್ರಿಕನ ಕಥೆಯನ್ನು ಅವರ ಮನೆಯ ಹಿರಿಯರಲ್ಲಿ ಯಾರಾದರೂ ಖಂಡಿತ ಬಲ್ಲರು, ಕೇಳಿ ನೋಡಲಿ. ಆ ಕಾದಂಬರಿ ಸರಣಿಯಲ್ಲಿ ನನಗೆ ಇನ್ನೂ ಹೆಚ್ಚಿನದೆನಿಸುವ ಸಂಗತಿ ಬೇರೆ. ಆತ್ಮದ ತುಂಡನ್ನಿಟ್ಟ ಒಂದು ಲಾಕೆಟ್ಟನ್ನು ಸಮುದ್ರದಂಚಿನ ಗವಿಯಲ್ಲಿ ಬಚ್ಚಿಡಲು ಹೋದಾಗ ವೋಲ್ಡೆಮಾರ್ಟ್ ಕ್ರೀಚರ್ ಎಂಬ ಮನೆಯಾಳನ್ನು ವಿಷ ಕುಡಿಸಿ ಪರೀಕ್ಷಿಸಿ ಅಲ್ಲೇ ಸಾಯಲು ಬಿಟ್ಟು ಬರುತ್ತಾನೆ. ಆಳುಗಳಿಗೂ ಅವರದೇ ಆದ ಮಾಯಾವಿದ್ಯೆ ಇದೆ, ಮಾಂತ್ರಿಕರಿಗೆ ಸಾಧ್ಯವಾಗದ ಜಾಗದಿಂದಲೂ ಅವರು ಹೊರಬರಬಲ್ಲರು ಎಂಬುದು ಅವನ ತಲೆಗೆ ಹೊಳೆಯುವುದಿಲ್ಲ. ಕ್ರೀಚರ್ ಬದುಕಿ ಮನೆಗೆ ಮರಳುತ್ತಾನೆ, ಗುಟ್ಟು ಹೊರಬರುವುದು ಅಲ್ಲಿಂದಲೇ.

ರಾಯಚೂರಿನ ಒಬ್ಬ ಓದುಗರು ವೋಲ್ಡೆಮಾರ್ಟ್‌ಗಿಂತ ಡೊಲೊರೆಸ್ ಅಂಬ್ರಿಜ್ ಹೆಚ್ಚು ಕೆಟ್ಟವಳು ಎಂದು ಬರೆದಿದ್ದರು. ಅವರ ಪತ್ರಕ್ಕೆ ಎರಡು ಪ್ರತಿಭಟನೆಗಳು ಬಂದವು. ನಾನು ಅವರ ಪಕ್ಷ. 2003ರಲ್ಲಿ ಬಂದ, ಅದೇ ಸರಣಿಯ ಐದನೆಯ ಕಾದಂಬರಿಯಲ್ಲಿ ಸರ್ಕಾರ ಶಾಲೆಗೆ ಕಳಿಸಿದ ಶಿಕ್ಷಕಿಯಾದ ಆ ಹೆಂಗಸಿಗೆ ಸೈನ್ಯವಿಲ್ಲ, ವರವಿಲ್ಲ. ಇರುವುದು ಗುಲಾಬಿ ಬಣ್ಣದ ಉಡುಪು, ಗೋಡೆಯ ತುಂಬ ಬೆಕ್ಕಿನ ಮರಿಗಳ ಚಿತ್ರದ ತಟ್ಟೆಗಳು, ಮೆಲ್ಲನೆಯ ನಗು ಮತ್ತು ಒಂದರ ಮೇಲೊಂದು ಹೊರಬೀಳುವ ಸರ್ಕಾರಿ ಆದೇಶಗಳು. ನಿಜ ಹೇಳಿದ ಹುಡುಗ ಹ್ಯಾರಿಯ ಕೈಯಲ್ಲಿ ಅವಳು "ನಾನು ಸುಳ್ಳು ಹೇಳಬಾರದು" ಎಂದು ಬರೆಸುತ್ತಾಳೆ. ಲೇಖನಿಗೆ ಮಸಿ ಬೇಕಿಲ್ಲ, ಅವನ ರಕ್ತವೇ ಅಕ್ಷರವಾಗಿ ಇಳಿಯುತ್ತದೆ, ಆ ಅಕ್ಷರಗಳು ಅವನ ಕೈಯ ಚರ್ಮದ ಮೇಲೂ ಕೊರೆದುಕೊಳ್ಳುತ್ತವೆ. ನಿಯಮದ ಪುಸ್ತಕವನ್ನು ಎದುರಿಗಿಟ್ಟುಕೊಂಡು ನಗುನಗುತ್ತಲೇ ಹಿಂಸಿಸುವವರನ್ನು ಕಂಡಿರದ ಓದುಗರು ವಿರಳ, ಹಾಗಾಗಿಯೇ ಆಕೆಯ ಮೇಲಿನ ಸಿಟ್ಟು ಅಷ್ಟು ಬಿಸಿಯಾಗಿದೆ. ಆಕೆಗೆ ಸಿಕ್ಕ ಶಿಕ್ಷೆಯೂ ನನ್ನ ಅಳತೆಗೆ ಕೂಡುತ್ತದೆ. ಅರ್ಧ ಮನುಷ್ಯ, ಅರ್ಧ ಕುದುರೆಯಾದ ಕಾಡಿನ ಜನರನ್ನು ಮುಖದ ಮೇಲೆಯೇ ಹೀನಾಯವಾಗಿ ಬೈದ ಅವಳನ್ನು ಆ ಜನರೇ ಹೊತ್ತೊಯ್ಯುತ್ತಾರೆ.

ನೈಟ್ ಕಿಂಗ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ನೋಟಕ್ಕೆ ಭಯಂಕರ, ನಿಜ. ಆದರೆ ಒಂದು ಮಾತನ್ನೂ ಆಡದ, ಯಾವುದನ್ನೂ ಪ್ರೀತಿಸದ, ಯಾರನ್ನೂ ತುಚ್ಛವಾಗಿ ಕಾಣಲೂ ಮನಸ್ಸಿಲ್ಲದ ಅವನು ಖಳನಿಗಿಂತ ಹೆಚ್ಚಾಗಿ ಒಂದು ಪ್ರಕೃತಿ ವಿಕೋಪ. 2019ರಲ್ಲಿ 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯಲ್ಲಿ ಅವನು ಒಂದೇ ಇರಿತಕ್ಕೆ ಪುಡಿಯಾದಾಗ ಅಭಿಮಾನಿಗಳಲ್ಲಿ ಎಷ್ಟೋ ಮಂದಿಗೆ ಉಂಟಾದ ನಿರಾಸೆಗೆ ಇದೇ ಕಾರಣವಿರಬೇಕು. ಥಾನೋಸ್‌ನ ವಾದವನ್ನು ಅವನನ್ನು ಮೆಚ್ಚಿದವರಿಗೇ ಬಿಡುತ್ತೇನೆ.

ಖಳರ ಮೇಲೆ ಕನಿಕರ ಹುಟ್ಟಿಸುವುದು ಈಚಿನ ಚಾಳಿ, ಹಿಂದೆ ಕೆಟ್ಟವನು ಕೆಟ್ಟವನಾಗಿಯೇ ಇದ್ದ ಎಂದು ಬಳ್ಳಾರಿಯ ಹಿರಿಯರೊಬ್ಬರು ಬರೆದಿದ್ದಾರೆ. ಅವರ ವಯಸ್ಸಿಗೆ ಗೌರವ ಕೊಟ್ಟೇ ಹೇಳುತ್ತೇನೆ, ಕನ್ನಡದ ಮಟ್ಟಿಗಂತೂ ಈ ಮಾತು ಸಲ್ಲುವುದಿಲ್ಲ. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ಭಾರತವನ್ನು ಮುಗಿಸುವಾಗ ನೆನೆಯಬೇಕಾದವರ ಸಾಲಿನಲ್ಲಿ "ಚಲದೊಳ್ ದುರ್ಯೋಧನಂ" ಎಂದು ಮೊದಲ ಹೆಸರನ್ನೇ ದುರ್ಯೋಧನನಿಗೆ ಕೊಟ್ಟ. ಮುಧೋಳದ ರನ್ನ ಇನ್ನೂ ಮುಂದೆ ಹೋದ. ಅವನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಕರ್ಣನಿಗಾಗಿ, ದುಶ್ಶಾಸನನಿಗಾಗಿ, ಮಗನಿಗಾಗಿ ಅಳುತ್ತಾನೆ, ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆ ನಿಂತು ನಿನ್ನಂಥ ಸಾವು ನನಗೂ ಬರಲಿ ಎಂದು ಹಾರೈಸುತ್ತಾನೆ. ವೈಶಂಪಾಯನ ಸರೋವರದಲ್ಲಿ ಮುಳುಗಿದ್ದವನು ಭೀಮನ ಗರ್ಜನೆ ಕೇಳಿ "ನೀರೊಳಗಿರ್ದುಂ ಬೆಮರ್ತನುರಗಪತಾಕಂ" (ನೀರಿನೊಳಗಿದ್ದೂ ಆ ಸರ್ಪಧ್ವಜ ಬೆವರಿದ) ಎಂದು ರನ್ನ ಹೇಳಿದಾಗ ಓದುವವನ ಮೈಯೂ ಬೆವರುತ್ತದೆ. ಇಷ್ಟಾದರೂ ರನ್ನ ಅವನ ತಪ್ಪನ್ನು ಮನ್ನಿಸಲಿಲ್ಲ. ತುಂಬಿದ ಸಭೆಯಲ್ಲಿ ದ್ರೌಪದಿಗೆ ತೋರಿಸಿದ ತೊಡೆಯೇ ಕೊನೆಗೆ ಮುರಿಯಿತು.

ನಾಗಚಂದ್ರನ ಜೈನ ರಾಮಾಯಣದ ರಾವಣನನ್ನು ನಾನು ಇವರೆಲ್ಲರಿಗಿಂತ ಮೇಲೆ ಕೂರಿಸುತ್ತೇನೆ. ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹಿಡಿದವನು ಅವನು. ಅಂಥವನ ಮನಸ್ಸೂ ಜಾರಿದ್ದನ್ನು ಹೇಳುವಾಗ ಕವಿ "ಅಬ್ಧಿಯುಮೊರ್ಮೆ ಕಾಲವಶದಿಂ ಮರ್ಯಾದೆಯಂ ದಾಂಟದೇ" (ಸಮುದ್ರವೂ ಒಮ್ಮೆ ಕಾಲವಶದಿಂದ ಎಲ್ಲೆ ಮೀರದೇ) ಎಂದು ಕೇಳುತ್ತಾನೆ. ಸೀತೆಯ ಸಂಕಟವನ್ನು ಕಣ್ಣಾರೆ ಕಂಡ ಮೇಲೆ ಅವನಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟುತ್ತದೆ, ಅವಳನ್ನು ಹಿಂದಿರುಗಿಸಬೇಕೆಂಬ ನಿಶ್ಚಯವೂ ಆಗುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ಆಡಿಕೊಳ್ಳುತ್ತದೆ, ಆದ್ದರಿಂದ ಮೊದಲು ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಸೆರೆಹಿಡಿದು ಆಮೇಲೆ ಸೀತೆಯನ್ನು ಕೊಡುತ್ತೇನೆ ಎಂದು ಹೊರಡುತ್ತಾನೆ, ಹೊರಟವನು ಮರಳುವುದಿಲ್ಲ. ತಪ್ಪು ತಿಳಿದಿದೆ, ತಿದ್ದಿಕೊಳ್ಳುವ ಮನಸ್ಸೂ ಇದೆ, ನಾಲ್ಕು ಜನ ಏನೆಂದಾರು ಎಂಬ ಬಿಗುಮಾನ ಮಾತ್ರ ಅಡ್ಡ ನಿಂತಿದೆ. ಒಂಬೈನೂರು ವರ್ಷಗಳ ಹಿಂದಿನ ಈ ರಾವಣನಷ್ಟು ಒಳಹೊಕ್ಕು ನೋಡಿದ ಖಳನನ್ನು ನಾನು ಇಂದಿನ ಅದ್ಭುತ ಕಥೆಗಳಲ್ಲಿ ಇನ್ನೂ ಕಂಡಿಲ್ಲ.

ನಮ್ಮ ಭಾಗದ ಕಲಾವಿದರು ಖಳನ ಪಾತ್ರಕ್ಕೆ ಕೊಟ್ಟ ಘನತೆಯನ್ನೂ ಇಲ್ಲಿ ಹೇಳಬೇಕು. ವಕೀಲಿ ವೃತ್ತಿಯ ಜೊತೆಗೇ ರಂಗಭೂಮಿಯಲ್ಲಿ ದೊಡ್ಡ ಹೆಸರು ಮಾಡಿದ ಬಳ್ಳಾರಿ ರಾಘವರು (1880-1946) ಹಿರಣ್ಯಕಶಿಪು, ದುರ್ಯೋಧನರಂಥ ಪಾತ್ರಗಳಿಂದಲೇ ಜನರ ಮನಸ್ಸಿನಲ್ಲಿ ಉಳಿದರು, ರಾಗದ ಅಬ್ಬರವನ್ನು ತಗ್ಗಿಸಿ ಮಾತು ಮತ್ತು ಮುಖಭಾವಕ್ಕೆ ಬೆಲೆ ತಂದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹಿಗ್ಗಿದೆವು. ಅವರು ಬಾಳಿಡೀ ಆಡಿಸಿದ ತೊಗಲು ಗೊಂಬೆಯಾಟದಲ್ಲಿ ಗೊಂಬೆಯ ಅಳತೆ ಪಾತ್ರದ ಘನತೆಗೆ ತಕ್ಕಂತೆ ಇರುತ್ತದೆ. ಆಳುಕಾಳುಗಳ ಗೊಂಬೆ ಚಿಕ್ಕದು, ಅರಸರದು ದೊಡ್ಡದು. ಹತ್ತು ತಲೆಯ ರಾವಣ ಪರದೆಯನ್ನು ತುಂಬಿ ನಿಂತಾಗ ಅವನನ್ನು ಸಣ್ಣವನೆಂದು ತಿಳಿಯಲು ಯಾವ ಮಗುವಿಗೂ ಆಗುವುದಿಲ್ಲ. ಸಿನಿಮಾದಲ್ಲಿಯೂ ರಾಜ್‌ಕುಮಾರ್ ಅವರು 1958ರಲ್ಲಿ ರಾವಣನಾಗಿ, ಮರುವರ್ಷ ಮಹಿಷಾಸುರನಾಗಿ, 1983ರಲ್ಲಿ ಹಿರಣ್ಯಕಶಿಪುವಾಗಿ ನಟಿಸಿದರು. ಮಗನನ್ನು ಕೊಲ್ಲಿಸಲು ಹೊರಟ ಆ ಹಿರಣ್ಯಕಶಿಪುವಿನಲ್ಲಿ ಮಗನ ಮೇಲಿನ ಪ್ರೀತಿಯೂ ಕಾಣುತ್ತಿತ್ತು.

ನನ್ನ ಅಳತೆಗೆ ಸಿಗದ ಖಳನೊಬ್ಬ ಇದ್ದಾನೆ, ಅವನು ಶಕುನಿ. ಸೆರೆಮನೆಯಲ್ಲಿ ಹಸಿದು ಸತ್ತ ತನ್ನವರ ಎಲುಬಿನಿಂದ ದಾಳ ಮಾಡಿಕೊಂಡು, ಕೌರವರ ಮನೆಯಲ್ಲೇ ಉಂಡು ಕೌರವರ ಕುಲವನ್ನೇ ಮುಗಿಸಲು ಕೂತ ಶಕುನಿ ವ್ಯಾಸಭಾರತದವನಲ್ಲ, ಜನಪದರ ಬಾಯಲ್ಲಿ ಮತ್ತು ನಮ್ಮ ಹಳ್ಳಿಯ ನಾಟಕಗಳಲ್ಲಿ ಬೆಳೆದವನು. ಅವನು ಯಾರನ್ನೂ ಕೀಳಾಗಿ ಕಾಣುವುದಿಲ್ಲ. ಅವನನ್ನೇ ಉಳಿದವರು ಕುಂಟನೆಂದು, ಮನೆಯ ಮಾವನೆಂದು ಲೆಕ್ಕಕ್ಕೆ ಹಿಡಿಯದೆ ಕೆಟ್ಟರು. ಅವನನ್ನು ಎಲ್ಲಿ ಕೂರಿಸಬೇಕೆಂಬುದನ್ನು ಓದುಗರೇ ವಾದಿಸಿ ತೀರ್ಮಾನಿಸಲಿ.

ಇನ್ನು ವಾಲಿ. ಅವನು ಮಹಾಬಲಶಾಲಿ ಎಂಬುದರಲ್ಲಿ ಸಂದೇಹವಿಲ್ಲ. ಎಮ್ಮೆಯ ರೂಪದ ದುಂದುಭಿಯನ್ನು ಕೊಂದು ಅದರ ಹೆಣವನ್ನು ಬೀಸಿ ಎಸೆದವನು, ರಾವಣನನ್ನೇ ಕಂಕುಳಲ್ಲಿ ಇರುಕಿಕೊಂಡು ನಾಲ್ಕು ಸಮುದ್ರಗಳಲ್ಲಿ ಸಂಧ್ಯಾವಂದನೆ ಮುಗಿಸಿ ಬಂದವನು. ದುಂದುಭಿಯ ರಕ್ತದ ಹನಿಗಳು ಆಶ್ರಮದಲ್ಲಿ ಬಿದ್ದದ್ದಕ್ಕೆ ಮತಂಗ ಮುನಿ ಕೊಟ್ಟ ಶಾಪದಿಂದಾಗಿ ಅವನು ಋಷ್ಯಮೂಕಕ್ಕೆ ಕಾಲಿಡುವಂತಿರಲಿಲ್ಲ, ಸುಗ್ರೀವ ಅಲ್ಲಿ ಬದುಕಿ ಉಳಿದದ್ದು ಅದರಿಂದಲೇ. ತಮ್ಮನನ್ನು ಓಡಿಸಿ ಅವನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದು ಘೋರ ಅಪರಾಧ, ರಾಮ ತನ್ನ ಬಾಣಕ್ಕೆ ಕೊಟ್ಟ ಕಾರಣವೂ ಅದೇ. ಆ ಅಪರಾಧವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅವನು ಬಿದ್ದದ್ದು ಹೇಗೆ? ಈಗಷ್ಟೇ ಸೋತು ಓಡಿದ ಸುಗ್ರೀವ ಇಷ್ಟು ಬೇಗ ಮತ್ತೆ ಕರೆಯುತ್ತಿದ್ದಾನೆಂದರೆ ಬೆನ್ನಿಗೆ ಯಾರೋ ಇದ್ದಾರೆ, ರಾಮಲಕ್ಷ್ಮಣರು ಅವನ ಸ್ನೇಹ ಮಾಡಿದ್ದಾರೆಂದು ಅಂಗದನಿಗೆ ಗೂಢಚಾರರಿಂದ ಸುದ್ದಿ ಬಂದಿದೆ, ಹೋಗಬೇಡ ಎಂದು ತಾರೆ ಅವನನ್ನು ತಡೆಯುತ್ತಾಳೆ. ಅದಕ್ಕೆ ವಾಲ್ಮೀಕಿಯ ವಾಲಿ ಕೊಡುವ ಉತ್ತರವನ್ನು ದಯವಿಟ್ಟು ಗಮನಿಸಬೇಕು. ರಾಮ ಧರ್ಮವನ್ನು ಬಲ್ಲವನು, ಅವನು ಪಾಪವನ್ನು ಹೇಗೆ ಮಾಡಿಯಾನು ಎಂದು ಹೇಳಿ ಅವನು ಹೊರಟುಹೋಗುತ್ತಾನೆ.

ರಾವಣ ಮನುಷ್ಯರನ್ನು ತಾತ್ಸಾರ ಮಾಡಿ ಸತ್ತ, ವಾಲಿ ಒಬ್ಬ ಮನುಷ್ಯನ ಧರ್ಮವನ್ನು ನಂಬಿ ಸತ್ತ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಹೇಗೆ ಇಡುವುದು? ಎದೆಗೆ ಬಾಣ ನಾಟಿದ ಮೇಲೆ ಅವನು ರಾಮನನ್ನು ಕೇಳಿದ ಪ್ರಶ್ನೆಗಳಿಗೆ ರಾಮ ಉತ್ತರ ಕೊಟ್ಟ, ವಾಲಿಯೂ ಅದನ್ನು ಒಪ್ಪಿದ. ಇಷ್ಟಾದರೂ ನಮ್ಮ ಭಾಗದಲ್ಲಿ ಆ ಪ್ರಶ್ನೆಗಳು ಇನ್ನೂ ಮುಗಿದಿಲ್ಲ. ಆನೆಗೊಂದಿಯ ಸುತ್ತಿನಲ್ಲಿ ರಾಮಭಕ್ತರೇ ಕೂತು ವಾಲಿಯ ಪರವಾಗಿ ವಾದಿಸುವುದನ್ನು ನಾನು ಅನೇಕ ಸಲ ಕೇಳಿದ್ದೇನೆ. ಕೊನೆಯುಸಿರಿನಲ್ಲಿ ಅವನು ಮಾಡಿದ್ದು ಮಗ ಅಂಗದನನ್ನು ಅದೇ ತಮ್ಮ ಸುಗ್ರೀವನ ಕೈಗೊಪ್ಪಿಸಿ, ಇಂದ್ರ ಕೊಟ್ಟ ಚಿನ್ನದ ಮಾಲೆಯನ್ನು ತನ್ನ ಕೊರಳಿನಿಂದ ತೆಗೆದು ತಮ್ಮನಿಗೆ ಕೊಟ್ಟದ್ದು. ಹೊಳೆಯಾಚೆ ನಿಂಬಾಪುರದಲ್ಲಿರುವ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ ಎಂದು ಪುರಾತತ್ವಜ್ಞರು ತೋರಿಸಿಕೊಟ್ಟಿದ್ದಾರೆ, ಅದು ಸರಿಯೇ. ಆದರೆ ಆ ದಿಬ್ಬವನ್ನು ವಾಲಿಯ ಚಿತೆ ಎಂದು ಇಲ್ಲಿನ ಜನ ತಲೆಮಾರುಗಳಿಂದ ತೋರಿಸುತ್ತ ಬಂದಿರುವುದೂ ನಿಜ. ಇಲ್ಲಿಯವರು ಅವನನ್ನು ಅಂತ್ಯಸಂಸ್ಕಾರಕ್ಕೆ ಅರ್ಹನಾದ ಅರಸನೆಂದೇ ನೆನೆದಿದ್ದಾರೆ.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿಗಳು. ಮುಂದಿನ ಸುತ್ತಿನ ಮತಗಳಿಗೆ ಪಟ್ಟಿಯನ್ನು ಪ್ರಕಟಿಸುವಾಗ ವಾಲಿಯ ಹೆಸರನ್ನು ಕೈಬಿಡಬೇಕು, ಆ ಜಾಗಕ್ಕೆ ಈವರೆಗೆ ಯಾರೂ ಸೂಚಿಸದ ಶಕುನಿಯನ್ನು ಸೇರಿಸಬಹುದು. ಎರಡನೆಯದಾಗಿ, ಓದುಗರು ತುಂಬಿ ಕಳಿಸಬೇಕಾದ ನಮೂನೆಯಲ್ಲಿ ಈಗಿರುವ "ಈ ಖಳನಾಯಕನ ಶಕ್ತಿ ಏನು?" ಎಂಬ ಪ್ರಶ್ನೆಯ ಕೆಳಗೆ "ಈತ ಯಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ?" ಎಂಬ ಇನ್ನೊಂದು ಪ್ರಶ್ನೆಯನ್ನೂ ಮುದ್ರಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ
ಗಂಗಾವತಿ, ಕೊಪ್ಪಳ ಜಿಲ್ಲೆ